ಐವತ್ತು ವರ್ಷ ಹಳೆಯ ಪಿನ್‌ಬಾಲ್ ಮಶೀನ್: ತಗೊಂಡು ಹದಿನಾಲ್ಕು ತಿಂಗಳಾದ ಮೇಲೆ

ಪಿನ್‌ಬಾಲ್ ಅಂದರೆ ಗಾಜು ಮುಚ್ಚಿದ ಇಳಿಜಾರು ಹಲಗೆಯ ಮೇಲೆ ಚೆಂಡು ಹಾರಿಸಿ, ಗುರಿಗಳಿಗೆ ಬಡಿಸಿ ಸ್ಕೋರು ಏರಿಸುವ ಪೆಟ್ಟಿಗೆ ಆಟ. ಮೊದಲೇ ಹೇಳಿಬಿಡುತ್ತೇನೆ. ಆಟ ಆಡೋಕೆ ಅಂತ ಹಳೆಯ ಪಿನ್‌ಬಾಲ್ ಮಶೀನ್ ತಗೊಳ್ಳುವ ಯೋಚನೆ ಇದ್ದರೆ ಬೇಡ. ಫೋನಿನಲ್ಲಿ ಬಿಟ್ಟಿ ಸಿಗುತ್ತದೆ, ಅದನ್ನೇ ಆಡಿ. ಬಿಚ್ಚೋದು, ಒರೆಸೋದು, ಬೈಯೋದು, ಮತ್ತೆ ಮುಚ್ಚೋದು, ಮಾರನೇ ದಿನ ಮತ್ತೆ ಬಿಚ್ಚೋದು, ಇದೆಲ್ಲ ನಿಮಗೆ ಖುಷಿ ಅಂದರೆ ಮಾತ್ರ ಮುಂದೆ ಓದಿ. ನಾನು ಕೊಡೋದು ಐದಕ್ಕೆ ನಾಲ್ಕು ಸ್ಟಾರ್. ಉಳಿದ ಒಂದನ್ನು ನನ್ನ ಸೊಂಟ ಕಿತ್ತುಕೊಂಡಿತು. ಈ ಮಶೀನ್ ನೂರು ಕೆಜಿಗೂ ಜಾಸ್ತಿ ತೂಗುತ್ತದೆ.

ನಾನಿರೋದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಹುಚ್ಚು ಹಿಡಿದದ್ದು ಸ್ಯಾನ್ ಫ್ರಾನ್ಸಿಸ್ಕೋದ ಪಿಯರ್ 45ರಲ್ಲಿರುವ ಮ್ಯೂಸೀ ಮೆಕಾನಿಕ್‌ನಲ್ಲಿ. ಒಳಗೆ ಹೋಗೋಕೆ ಕಾಸಿಲ್ಲ. ಆದರೆ ಒಳಗಿರುವುದೆಲ್ಲ ಕಾಸು ಹಾಕಿದರೆ ಕೆಲಸ ಮಾಡುವ ಹಳೆಯ ಯಂತ್ರಗಳು. ಭವಿಷ್ಯ ಹೇಳುವ ಗೊಂಬೆ, ಕೈ ಹಿಡಿದು ಬಗ್ಗಿಸುವ ಕಬ್ಬಿಣದ ಪೈಲ್ವಾನ್, ಹೊಟ್ಟೆ ಹಿಡಿದು ನಗುವ ಲಾಫಿಂಗ್ ಸ್ಯಾಲ್ ಅನ್ನುವ ದೊಡ್ಡ ಹೆಂಗಸಿನ ಗೊಂಬೆ. ನಗು ಎಷ್ಟು ಜೋರು ಅಂದರೆ ಚಿಕ್ಕ ಮಕ್ಕಳು ಅಳುತ್ತಾರೆ. ನನಗೆ ಅಲ್ಲಿ ಥಟ್ಟನೆ ನೆನಪಾದದ್ದು ಬೆಂಗಳೂರು ಸಿಟಿ ಸ್ಟೇಷನ್ನಿನ ತೂಕದ ಮಶೀನ್. ಬಣ್ಣದ ಬಲ್ಬು ಮಿಣಮಿಣ ಅನ್ನೋದು, ಒಳಗೆ ಒಂದು ಚಕ್ರ ತಿರುಗೋದು, ನಾಣ್ಯ ಹಾಕಿದರೆ ಕೆಳಗೆ ಟಕ್ ಅಂತ ರಟ್ಟಿನ ಚೀಟಿ ಬೀಳೋದು. ಒಂದು ಕಡೆ ತೂಕ, ಇನ್ನೊಂದು ಕಡೆ ನಿಮ್ಮ ಹಣೆಬರಹ. ತೂಕ ತಪ್ಪಿದ್ದರೂ ಹಣೆಬರಹ ಯಾವಾಗಲೂ ಚೆನ್ನಾಗಿಯೇ ಇರುತ್ತಿತ್ತು. ಆ ಮಶೀನಿನ ಒಳಗೆ ಏನಿದೆ ಅಂತ ನೋಡುವ ಆಸೆ ನನಗೆ ಏಳು ವರ್ಷದವನಿದ್ದಾಗಿಂದ.

ನಿಜ ಹೇಳಬೇಕು ಅಂದರೆ ಮೊದಲು ತಗೊಳ್ಳಬೇಕು ಅಂದುಕೊಂಡದ್ದು ಸ್ಲಾಟ್ ಮಶೀನ್. ಹಿಡಿ ಎಳೆದರೆ ಮೂರು ಚಕ್ರ ತಿರುಗುವಂಥದ್ದು. ಅದು ಹುಟ್ಟಿದ ಊರೇ ಸ್ಯಾನ್ ಫ್ರಾನ್ಸಿಸ್ಕೋ. ಚಾರ್ಲ್ಸ್ ಫೇ ಅನ್ನುವ ಮೆಕ್ಯಾನಿಕ್ 1890ರ ದಶಕದಲ್ಲಿ ಲಿಬರ್ಟಿ ಬೆಲ್ ಅಂತ ಒಂದು ಮಾಡಿದ. ಚಕ್ರದ ಮೇಲಿನ ಗಂಟೆಯ ಚಿತ್ರ ಮೂರೂ ಒಂದೇ ಸಾಲಿಗೆ ಬಂದರೆ ಐವತ್ತು ಸೆಂಟ್, ಅದೇ ದೊಡ್ಡ ಬಹುಮಾನ. ಅದರಲ್ಲಿ ಕರೆಂಟೇ ಇಲ್ಲ, ಎಲ್ಲ ಸ್ಪ್ರಿಂಗು ಮತ್ತು ಹಲ್ಲುಚಕ್ರ. ಕರೆಂಟು ಸರಿಯಾಗಿ ಸೇರಿಕೊಂಡದ್ದು 1963ರಲ್ಲಿ, ಬ್ಯಾಲಿ ಕಂಪನಿಯ ಮನಿ ಹನಿಯಲ್ಲಿ. ಮೋಟಾರಿನಿಂದ ನಾಣ್ಯ ಎಣಿಸಿ ಸುರಿಯುವ ಡಬ್ಬ ಬಂದ ಮೇಲೆ ನೂರಾರು ನಾಣ್ಯವನ್ನು ಮಶೀನೇ ಕೊಡುವಂತಾಯಿತು. ಕ್ಯಾಲಿಫೋರ್ನಿಯಾದಲ್ಲಿ ಇಪ್ಪತ್ತೈದು ವರ್ಷ ದಾಟಿದ ಸ್ಲಾಟ್ ಮಶೀನನ್ನು ಹಳೆಯ ವಸ್ತು ಅಂತ ಮನೆಯಲ್ಲಿ ಇಟ್ಟುಕೊಳ್ಳಬಹುದು, ಅದರಲ್ಲಿ ಜೂಜಾಡಬಾರದು ಅಷ್ಟೇ. ಇದನ್ನೆಲ್ಲ ಹೆಂಡತಿಗೆ ವಿವರವಾಗಿ ಹೇಳಿದೆ. ಅವಳು ಒಂದೇ ಮಾತು ಹೇಳಿದಳು: "ನಿಮ್ಮಪ್ಪ ಅಮ್ಮ ಜೂನ್‌ನಲ್ಲಿ ಬರ್ತಾರೆ. ಬಾಗಿಲು ತೆಗೆದ ತಕ್ಷಣ ಜೂಜಿನ ಮಶೀನ್ ಕಾಣಬೇಕಾ?" ಸರಿ, ಪಿನ್‌ಬಾಲ್.

ಯಾವ ಮಾಡೆಲ್ ಅಂತ ಹೇಳಲ್ಲ, ಹೇಳಿದರೆ ಅದರ ಅಭಿಮಾನಿಗಳು ಜಗಳಕ್ಕೆ ಬರುತ್ತಾರೆ. 1970ರ ದಶಕದ ನಡುವೆ ಶಿಕಾಗೋದಲ್ಲಿ ತಯಾರಾದದ್ದು, ಒಬ್ಬರೇ ಆಡುವಂಥದ್ದು, ಇಸ್ಪೀಟಿನ ಚಿತ್ರ ಇರುವಂಥದ್ದು ಅಂದರೆ ಸಾಕು. ಗಾಟ್ಲೀಬ್, ವಿಲಿಯಮ್ಸ್, ಬ್ಯಾಲಿ, ಈ ಕಂಪನಿಗಳೆಲ್ಲ ಶಿಕಾಗೋದವೇ. ಆ ಕಾಲದವು ಒಳಗೆ ಹೆಚ್ಚುಕಡಿಮೆ ಒಂದೇ ಥರ. 1977ರ ಆಸುಪಾಸಿನಲ್ಲಿ ಸರ್ಕ್ಯೂಟ್ ಬೋರ್ಡು ಬಂತು, ಅಲ್ಲಿಗೆ ಈ ಜಾತಿ ಮುಗಿಯಿತು. ಬೆಲೆ ಒಂಬೈನೂರು ಡಾಲರ್ ಕೊಟ್ಟೆ. ಮಾರಿದವನು "ಏನಿಲ್ಲ, ಒಂದು ಫ್ಯೂಸ್ ಹೋಗಿರಬೇಕು" ಅಂದ. ಹಳೆಯ ಕಾರು ಮಾರುವವರು "ಬ್ಯಾಟರಿ ಚೇಂಜ್ ಮಾಡಿದರೆ ಸಾಕು" ಅನ್ನುತ್ತಾರಲ್ಲ, ಅದೇ ರಾಗ. ಈ ಮಾತು ಕೇಳಿದ ಕೂಡಲೇ ಬೆಲೆಯಲ್ಲಿ ಮುನ್ನೂರು ಕಡಿಮೆ ಮಾಡಿ ಕೇಳಿ. ನಾನು ಕೇಳಲಿಲ್ಲ.

ಇಬ್ಬರು ಗೆಳೆಯರನ್ನು ಕರೆದು, ಬಿಸಿಬೇಳೆಬಾತಿನ ಆಸೆ ತೋರಿಸಿ, ಗ್ಯಾರೇಜಿಗೆ ಇಳಿಸಿಕೊಂಡೆ. ಕಾಲು ಜೋಡಿಸಿ, ಮಟ್ಟ ನೋಡಿ, ಆಟದ ಹಲಗೆಗೆ ಮೂರೂವರೆ ಡಿಗ್ರಿ ಇಳಿಜಾರು ಕೊಟ್ಟು, ಪ್ಲಗ್ ಹಾಕಿ, ಸ್ಟಾರ್ಟ್ ಒತ್ತಿದೆ. ಒಳಗೆ ಒಂದು ಮೋಟಾರು ಗುರ್ ಅಂತ ಶುರುವಾಯಿತು. ನಿಲ್ಲಲೇ ಇಲ್ಲ. ಸ್ಕೋರಿನ ಚಕ್ರಗಳು ಟಕಟಕ ಅಂತ ಸೊನ್ನೆಗೆ ಬಂದವು, ಒಂದು ಮಾತ್ರ ಏಳರಲ್ಲೇ ನಿಂತಿತು. ಮೋಟಾರು ಗುರ್ ಅನ್ನುತ್ತಲೇ ಇತ್ತು. ಚೆಂಡೂ ಬರಲಿಲ್ಲ. ಬಿಸಿಬೇಳೆಬಾತ್ ತಿಂದು ಗೆಳೆಯರು ಹೊರಟರು.

ಇದರ ಒಳಗೆ ಏನಿದೆ ಅಂತ ಸ್ವಲ್ಪ ಹೇಳಬೇಕು, ಯಾಕಂದರೆ ನೀವು ದುಡ್ಡು ಕೊಡೋದು ಅದಕ್ಕೇ. ಗಾಜು ತೆಗೆದು, ಆಟದ ಹಲಗೆ ಎತ್ತಿ ನಿಲ್ಲಿಸಿದರೆ ಕೆಳಗೆ ಮೈಲಿಗಟ್ಟಲೆ ವೈರು, ಬಟ್ಟೆ ಸುತ್ತಿದ್ದು, ಬಣ್ಣ ಮಾಸಿದ್ದು. ಸಾಲಾಗಿ ರಿಲೇಗಳು, ಅಂದರೆ ಕರೆಂಟು ಬಂದಾಗ ತಾವೇ ಎಳೆದುಕೊಳ್ಳುವ ಸ್ವಿಚ್ಚುಗಳು. ಕಂಪ್ಯೂಟರ್ ಇಲ್ಲ, ಚಿಪ್ ಇಲ್ಲ, ಒಂದು ಟ್ರಾನ್ಸಿಸ್ಟರ್ ಕೂಡ ಇಲ್ಲ. ಹಾಗಾದರೆ ಲೆಕ್ಕ ಹಾಕೋದು ಯಾರು? ಅದೇ ಗುರ್ ಅನ್ನುವ ಸ್ಕೋರ್ ಮೋಟಾರ್. ಅದರ ಅಚ್ಚಿನ ಮೇಲೆ ಬಿಲ್ಲೆಗಳಿವೆ, ಬಿಲ್ಲೆಗಳ ಅಂಚಿನಲ್ಲಿ ಗುಬ್ಬುಗಳಿವೆ. ಮೋಟಾರು ತಿರುಗಿದಾಗ ಗುಬ್ಬು ಬಂದು ಸ್ವಿಚ್ಚನ್ನು ಒತ್ತುತ್ತದೆ. ಚೆಂಡು ಐವತ್ತು ಪಾಯಿಂಟಿನ ಗುರಿಗೆ ಬಡಿದರೆ ಮೋಟಾರು ಒಂದು ಸುತ್ತಿನ ಮೂರನೇ ಒಂದು ಪಾಲು ತಿರುಗಿ ಹತ್ತರ ಚಕ್ರಕ್ಕೆ ಐದು ಸಲ ಕರೆಂಟು ಕೊಡುತ್ತದೆ. ಹತ್ತು, ಹತ್ತು, ಹತ್ತು, ಹತ್ತು, ಹತ್ತು. ಪ್ರತಿ ಹತ್ತಕ್ಕೂ ಒಂದು ಸಲ ಗಂಟೆ ಬಾರಿಸುತ್ತದೆ. ಕೂಡುವ ಲೆಕ್ಕ ನಿಮ್ಮ ಕಿವಿಗೆ ಕೇಳಿಸುತ್ತದೆ. ಹೊಸ ಆಟ ಶುರುವಾಗುವಾಗಲೂ ಇದೇ ಮೋಟಾರು ಎಲ್ಲ ಚಕ್ರಕ್ಕೂ ಐದೈದು ಏಟು ಕೊಡುತ್ತಾ ಹೋಗುತ್ತದೆ, ಎಲ್ಲವೂ ಸೊನ್ನೆಗೆ ಬರುವವರೆಗೆ. ಒಂದು ಬರದಿದ್ದರೂ ಬಿಡೋದಿಲ್ಲ. ನನ್ನದು ಒಂದು ಬರಲಿಲ್ಲ.

ಇಷ್ಟು ನನಗೆ ಆಗ ಗೊತ್ತಿರಲಿಲ್ಲ. ಮೋಟಾರು ನಿಲ್ಲುತ್ತಿಲ್ಲ ಅಂದರೆ ಮೋಟಾರೇ ಕೆಟ್ಟಿದೆ ಅಂದುಕೊಂಡು ಎರಡು ವೀಕೆಂಡ್ ಹಾಳು ಮಾಡಿದೆ. ಆಮೇಲೆ ಸೋತು, ಮನೆಗೆ ಬಂದು ರಿಪೇರಿ ಮಾಡುವವರೊಬ್ಬರನ್ನು ಕರೆದೆ. ಹೆಸರು ಬೇಡ. ಬಂದದ್ದಕ್ಕೆ ನೂರೈವತ್ತು ಡಾಲರ್. ಬಂದವರು ಮಶೀನಿನ ಜೊತೆಗಿದ್ದ ಸರ್ಕ್ಯೂಟ್ ನಕ್ಷೆಯನ್ನು ಬಿಚ್ಚಿ ಕೂಡ ನೋಡಲಿಲ್ಲ. ಅದು ಟೇಬಲ್ ಕ್ಲಾತ್ ಅಷ್ಟು ದೊಡ್ಡ ಕಾಗದ, ಅದೇ ಈ ಮಶೀನಿನ ಜಾತಕ. ಅದನ್ನು ಪಕ್ಕಕ್ಕೆ ತಳ್ಳಿ, ಬ್ಯಾಗಿನಿಂದ ಒಂದು ಸ್ಪ್ರೇ ಡಬ್ಬ ತೆಗೆದು, ಸಿಕ್ಕಿದ ಕಡೆಯೆಲ್ಲ ಬುಸ್ ಬುಸ್ ಅಂತ ಎಣ್ಣೆ ಹೊಡೆದು, ಹತ್ತು ನಿಮಿಷ ಕೆಲಸ ಮಾಡಿಸಿ ತೋರಿಸಿ ಹೋದರು. ಮೂರನೇ ದಿನಕ್ಕೆ ಮತ್ತೆ ಏಳು. ಈಗ ಎಣ್ಣೆಗೆ ಧೂಳು ಅಂಟಿಕೊಂಡು ಅಂಟು ಪಾಯಸ. ದಯವಿಟ್ಟು ಇದೊಂದು ಮಾತು ನೆನಪಿಟ್ಟುಕೊಳ್ಳಿ: ಇಂಥ ಮಶೀನಿಗೆ ಸ್ಪ್ರೇ ಎಣ್ಣೆ ಹೊಡೆಯುವವರನ್ನು ಗೇಟಿನ ಒಳಗೇ ಬಿಡಬೇಡಿ. ಇದರ ಕಾಂಟ್ಯಾಕ್ಟುಗಳು, ಅಂದರೆ ಸ್ವಿಚ್ಚಿನಲ್ಲಿ ಒಂದಕ್ಕೊಂದು ಮುಟ್ಟಿ ಕರೆಂಟು ದಾಟಿಸುವ ತುದಿಗಳು, ಎಣ್ಣೆ ಇಲ್ಲದೆ ಕೆಲಸ ಮಾಡುವಂಥವು, ಜೊತೆಗೆ ಅವುಗಳ ಮಧ್ಯೆ ಕಿಡಿ ಹಾರುತ್ತಲೇ ಇರುತ್ತದೆ. ಎಣ್ಣೆ, ಕಿಡಿ, ಮರದ ಪೆಟ್ಟಿಗೆ. ಮುಂದಿನದು ನೀವೇ ಊಹಿಸಿಕೊಳ್ಳಿ.

ಜೂನ್‌ನಲ್ಲಿ ಅಪ್ಪ ಅಮ್ಮ ಬಂದರು. ಅಪ್ಪ 1972ರಲ್ಲಿ ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸೇರಿದವರು. ಬೆಂಗಳೂರಿನ ದೂರವಾಣಿನಗರ, 1948ರಲ್ಲಿ ಶುರುವಾದ ಕಾರ್ಖಾನೆ. ಕಪ್ಪು ಫೋನಷ್ಟೇ ಅಲ್ಲ, ಟೆಲಿಫೋನ್ ಎಕ್ಸ್‌ಚೇಂಜನ್ನೇ ಮಾಡುತ್ತಿದ್ದ ಜಾಗ. ಅಪ್ಪ ಇದ್ದದ್ದು ಸ್ಟ್ರೌಜರ್ ಅನ್ನುವ ಹಳೇ ಥರದ ಆಟೋಮ್ಯಾಟಿಕ್ ಎಕ್ಸ್‌ಚೇಂಜಿನ ಕಡೆ. ನಾನು ಗ್ಯಾರೇಜಿನಲ್ಲಿ ಮಶೀನ್ ಆನ್ ಮಾಡಿ ನನ್ನ ಗೋಳು ತೋರಿಸುತ್ತಿದ್ದೆ. ಅವರು ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಮಶೀನನ್ನು ನೋಡಲಿಲ್ಲ, ತಲೆ ಒಂದು ಕಡೆ ವಾಲಿಸಿ ಕೇಳುತ್ತಿದ್ದರು.

"ಐದು ಹೊಡೀತಿದೆ. ನಿಲ್ತಿದೆ. ಮತ್ತೆ ಐದು. ಪಲ್ಸ್ ಬರ್ತಾ ಇದೆ ಕಣೋ. ಮೋಟಾರ್ ಚೆನ್ನಾಗಿದೆ. ಯಾವುದೋ ಒಂದಕ್ಕೆ ತಲುಪ್ತಿಲ್ಲ."

ಎರಡು ವೀಕೆಂಡು, ನೂರೈವತ್ತು ಡಾಲರು. ಅರ್ಧ ಲೋಟ ಕಾಫಿಯಲ್ಲಿ ಮುಗಿಯಿತು.

ಆಮೇಲೆ ಒಳಗೆ ಟಾರ್ಚ್ ಬಿಟ್ಟು ನೋಡಿದರು. ಬಿಲ್ಲೆಯ ಮೇಲೆ ಅರ್ಧಚಂದ್ರಾಕಾರದಲ್ಲಿ ಹಿತ್ತಾಳೆ ಗುಂಡಿಗಳು, ಅವುಗಳ ಮೇಲೆ ಒಂದೊಂದೇ ಹೆಜ್ಜೆ ಸರಿಯುವ ಬೆರಳುಗಳು, ಪಕ್ಕದಲ್ಲಿ ಹಲ್ಲುಚಕ್ರ. ಪಿನ್‌ಬಾಲಿನವರು ಇದನ್ನು ಸ್ಟೆಪ್ಪರ್ ಅನ್ನುತ್ತಾರೆ. ಅಪ್ಪ ಒಂದು ಕ್ಷಣ ಸುಮ್ಮನಿದ್ದರು. "ಇದು ನಮ್ಮ ಯೂನಿಸೆಲೆಕ್ಟರ್ ಅಲ್ವೇನೋ! ಇದನ್ನ ಆಟಕ್ಕೆ ಹಾಕಿದಾರಾ ಇವರು?" ಯೂನಿಸೆಲೆಕ್ಟರ್ ಅಂದರೆ ಎಕ್ಸ್‌ಚೇಂಜಿನಲ್ಲಿ ಹೆಜ್ಜೆ ಹೆಜ್ಜೆ ಸರಿಯುವ ಇಂಥದ್ದೇ ಸ್ವಿಚ್. ಆ ಮಾತಿನಲ್ಲಿ ಸ್ವಲ್ಪ ಅವಮಾನವೂ ಇತ್ತು ಅಂತ ನನ್ನ ಅನುಮಾನ. ನಾವು ನಂಬರ್ ತಿರುಗಿಸಿದಾಗ ಬರುವ ಏಟುಗಳನ್ನು ಎಣಿಸಿ ಹೆಜ್ಜೆ ಹೆಜ್ಜೆಯಾಗಿ ಲೈನು ಹುಡುಕುವುದು ಸ್ಟ್ರೌಜರ್ ಕೆಲಸ. ಚೆಂಡು ಬಡಿದಾಗ ಬರುವ ಏಟುಗಳನ್ನು ಎಣಿಸಿ ಹೆಜ್ಜೆ ಹೆಜ್ಜೆಯಾಗಿ ಸ್ಕೋರು ಏರಿಸುವುದು ಇದರ ಕೆಲಸ. ಆಲ್ಮನ್ ಸ್ಟ್ರೌಜರ್ ಅದಕ್ಕೆ ಪೇಟೆಂಟ್ ತಗೊಂಡದ್ದು 1891ರಲ್ಲಿ. ಅವನಿಗಿದ್ದದ್ದು ಶವಸಂಸ್ಕಾರದ ಅಂಗಡಿ. ಎಕ್ಸ್‌ಚೇಂಜಿನ ಆಪರೇಟರ್ ತನ್ನ ಗಿರಾಕಿಗಳನ್ನೆಲ್ಲ ಎದುರಾಳಿ ಅಂಗಡಿಗೆ ಕನೆಕ್ಟ್ ಮಾಡುತ್ತಾಳೆ ಅಂತ ಸಿಟ್ಟಾಗಿ ಆಪರೇಟರೇ ಬೇಡದ ಮಶೀನ್ ಮಾಡಿದ ಅಂತ ಕಥೆ. ಇದನ್ನು ಅಪ್ಪ ನನಗೆ ಚಿಕ್ಕಂದಿನಿಂದ ಎಷ್ಟು ಸಲ ಹೇಳಿದ್ದಾರೋ. ಆವತ್ತು ಮೊದಲ ಸಲ ಪೂರ್ತಿ ಕೇಳಿಸಿಕೊಂಡೆ.

ಮಾರನೇ ದಿನ ಬೆಳಗ್ಗೆ ಸ್ನಾನ, ತಿಂಡಿ ಮುಗಿಸಿ ಕನ್ನಡಕ ಹಾಕಿಕೊಂಡು ಡ್ಯೂಟಿಗೆ ಬಂದಂತೆ ಬಂದರು. ಏಳರಲ್ಲಿ ನಿಂತ ಚಕ್ರವನ್ನು ಹೊರಗೆ ತೆಗೆದೆವು. ಅದರ ಪಕ್ಕ ಎರಡು ಜೊತೆ ತೆಳ್ಳನೆಯ ಪಟ್ಟಿಗಳಿವೆ, ತುದಿಯಲ್ಲಿ ಸಾಸಿವೆ ಕಾಳಿನಷ್ಟು ಬೆಳ್ಳಿಯ ಕಾಂಟ್ಯಾಕ್ಟ್. ಒಂದು ಜೊತೆ ಚಕ್ರ ಸೊನ್ನೆಗೆ ಬಂತಾ ಅಂತ ವರದಿ ಒಪ್ಪಿಸುತ್ತದೆ, ಇನ್ನೊಂದು ಜೊತೆ ಏಟನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಈ ಎರಡನೆಯದರ ಬೆಳ್ಳಿ ಕಾಡಿಗೆ ಹಚ್ಚಿದಂತೆ ಕಪ್ಪಗಾಗಿತ್ತು. ನಾನು ಸ್ಯಾಂಡ್ ಪೇಪರ್ ತಂದೆ. "ಅದನ್ನ ಅಲ್ಲೇ ಇಡು. ಬೆಳ್ಳಿನೇ ಹೊರಟು ಹೋಗುತ್ತೆ." ನನ್ನ ಆಫೀಸಿನ ವಿಸಿಟಿಂಗ್ ಕಾರ್ಡನ್ನು ಕತ್ತರಿಯಿಂದ ಸೀಳಿ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಎರಡು ಪಟ್ಟಿಗಳ ಮಧ್ಯೆ ಇಟ್ಟು, ಮೇಲಿನಿಂದ ಬೆರಳಲ್ಲಿ ಹೂವು ಮುಟ್ಟಿದ ಹಾಗೆ ಒತ್ತಿ ಎಳೆದರು. ಕಾರ್ಡಿನ ಮೇಲೆ ಕಪ್ಪು ಗೆರೆ. ಮತ್ತೊಂದು ಸೀಳು. ಬೂದು ಗೆರೆ. ಮೂರನೆಯದು ಹಾಗೇ ಬಿಳಿ ಬಂತು. ಆಮೇಲೆ ಪಟ್ಟಿಯನ್ನು ಕೂದಲಷ್ಟು ಬಗ್ಗಿಸಿದರು. ಎರಡೂ ಮುಟ್ಟಿದ ಮೇಲೆ ಕೆಳಗಿನ ಪಟ್ಟಿ ಒಂಚೂರು ಜಗ್ಗಬೇಕಂತೆ, ಹಾಗೆ ಜಗ್ಗಿದಾಗ ಒಂದರ ಮೇಲೊಂದು ಉಜ್ಜಿಕೊಂಡು ತಾವೇ ಚೊಕ್ಕಟವಾಗುತ್ತವಂತೆ. ಸುಮ್ನೆ ಮುಟ್ಟಿದರೆ ಸಾಲದು.

ಚಕ್ರ ವಾಪಸ್ ಹಾಕಿ ಸ್ಟಾರ್ಟ್ ಒತ್ತಿದೆ. ಟಕಟಕಟಕಟಕ. ಎಲ್ಲ ಸೊನ್ನೆ. ಮೋಟಾರು ನಿಂತಿತು. ಧಡ್ ಅಂತ ಚೆಂಡು ಬಂದು ಸಾಲಿನಲ್ಲಿ ಕುಳಿತಿತು. ಅಪ್ಪ ಸ್ಪ್ರಿಂಗಿನ ಹಿಡಿ ಎಳೆದು ಬಿಟ್ಟರು. ಚೆಂಡು ಮೇಲೆ ಹೋಯಿತು, ಎರಡು ಕಡೆ ಬಡಿಯಿತು, ನೇರ ಮಧ್ಯಕ್ಕೆ ಬಂದು ಹೊಂಡಕ್ಕೆ ಬಿತ್ತು. ಫ್ಲಿಪ್ಪರ್, ಅಂದರೆ ಚೆಂಡನ್ನು ಮತ್ತೆ ಮೇಲಕ್ಕೆ ಹೊಡೆಯುವ ಪುಟ್ಟ ಕೈ, ಅದರ ಗುಂಡಿ ಒತ್ತಬೇಕು ಅಂತ ನಾನು ಹೇಳಿಯೇ ಇರಲಿಲ್ಲ.

ಎಡಗಡೆ ಫ್ಲಿಪ್ಪರ್ ಬೇರೆ ಕಥೆ. ಅದಕ್ಕೆ ಎರಡು ಸುರುಳಿ ತಂತಿ ಇರುತ್ತದೆ, ಜೋರಾಗಿ ಎತ್ತೋಕೆ ಒಂದು, ಎತ್ತಿದ ಮೇಲೆ ಹಿಡಿದುಕೊಳ್ಳೋಕೆ ಇನ್ನೊಂದು. ಕೊನೆಗೆ ತಲುಪಿದಾಗ ಒಂದು ಸ್ವಿಚ್ ತೆರೆದುಕೊಂಡು ಜೋರಿನದರ ಕೆಲಸ ನಿಲ್ಲಿಸಬೇಕು. ಆ ಸ್ವಿಚ್ ತೆರೆಯದಿದ್ದರೆ ಸುರುಳಿ ಸುಟ್ಟು ಹೋಗುತ್ತದೆ, ಕೊಳೆಯಾಗಿದ್ದರೆ ಫ್ಲಿಪ್ಪರ್‌ಗೆ ಶಕ್ತಿ ಇರುವುದಿಲ್ಲ. ನನ್ನದು ಎರಡನೆಯದು. ಸ್ಟೆಪ್ಪರುಗಳಲ್ಲಿ ಹಳೆಯ ಗ್ರೀಸು ಒಣಗಿ ಅರಗಿನ ಹಾಗಾಗಿತ್ತು, ಮೇಲಿಂದ ನಮ್ಮ ಸ್ಪ್ರೇ ಮಹಾಶಯರ ಕೊಡುಗೆ. ಒಂದೊಂದನ್ನೂ ಬಿಚ್ಚಿ ಒರೆಸಿದೆವು. ಇದಕ್ಕೇ ಮೂರು ವಾರ. ಅಮ್ಮ ಒಂದೆರಡು ಸಲ ಬಾಗಿಲಿಗೆ ಬಂದು "ಏನ್ರೀ, ಮಗನ ಮನೇಲೂ ಓವರ್‌ಟೈಮಾ?" ಅಂತ ಕೇಳಿ ಹೋದರು.

ಗಂಟೆಗಳನ್ನು ಕೊನೆಗೆ ಸರಿಮಾಡಿದೆವು. ಮೂರು ಲೋಹದ ಪಟ್ಟಿ, ಹತ್ತಕ್ಕೊಂದು, ನೂರಕ್ಕೊಂದು, ಸಾವಿರಕ್ಕೊಂದು. ಕೆಳಗಿನ ರಬ್ಬರು ಪುಡಿಯಾಗಿ ಡಬ್ಬ ಬಡಿದ ಹಾಗೆ ಕೇಳುತ್ತಿದ್ದದ್ದು, ಹೊಸ ರಬ್ಬರು ಹಾಕಿದ ಮೇಲೆ ಇಡೀ ಮನೆಗೆ ಕೇಳಿಸುವ ಇಂಪಾದ ನಾದ. ಈಗಿನ ಮಶೀನಿನ ಸ್ಪೀಕರಿನಲ್ಲಿ ಇದು ಬರೋಲ್ಲ. ಅಮ್ಮ ಆವತ್ತೇ ಮೊದಲ ಸಲ ಒಳಗೆ ಬಂದು ನಿಂತು ನೋಡಿದರು. ಆಗಲೇ ಫ್ರೀ ಗೇಮ್ ಬಂದು ಒಳಗಿನ ಸುತ್ತಿಗೆ ಪೆಟ್ಟಿಗೆಗೆ ಠಪ್ ಅಂತ ಹೊಡೆಯಿತು. ಅಮ್ಮನಿಗೆ ಅನುಮಾನ: "ಇದು ಜೂಜಲ್ಲ ತಾನೇ?"

ಪ್ರಶ್ನೆ ಸುಮ್ನೆ ಅಲ್ಲ. ನ್ಯೂಯಾರ್ಕ್ ನಗರ 1942ರಲ್ಲಿ ಇದನ್ನು ಜೂಜು ಅಂತಲೇ ನಿಷೇಧಿಸಿತ್ತು. ಮೇಯರ್ ಲಾ ಗಾರ್ಡಿಯಾ ಸುತ್ತಿಗೆ ಹಿಡಿದು ಮಶೀನ್ ಒಡೆಯುವ ಫೋಟೋಗಳಿವೆ. ಆಗ ಫ್ಲಿಪ್ಪರೇ ಇರಲಿಲ್ಲ, ಚೆಂಡು ಬಿಟ್ಟ ಮೇಲೆ ದೇವರಿಗೆ ಬಿಟ್ಟ ಹಾಗೆ. ಫ್ಲಿಪ್ಪರ್ ಬಂದದ್ದು 1947ರಲ್ಲಿ, ಗಾಟ್ಲೀಬ್‌ನ ಹಂಪ್ಟಿ ಡಂಪ್ಟಿಯಲ್ಲಿ, ಒಂದಲ್ಲ ಆರು. ಆದರೂ ನಿಷೇಧ ಹೋದದ್ದು 1976ರಲ್ಲಿ. ರೋಜರ್ ಶಾರ್ಪ್ ಅನ್ನುವವರು ನಗರಸಭೆಯವರ ಮುಂದೆ ಆಡಿ, ಈ ಚೆಂಡು ಮಧ್ಯದ ದಾರಿಗೆ ಹೋಗುತ್ತದೆ ಅಂತ ಮೊದಲೇ ಹೇಳಿ, ಹಾಗೆಯೇ ಕಳಿಸಿ ತೋರಿಸಿದರು. ಇಲ್ಲೇ ಪಕ್ಕದ ಓಕ್ಲ್ಯಾಂಡಿನಲ್ಲಿ ಹಳೆಯ ನಿಷೇಧವನ್ನು ತೆಗೆದದ್ದು 2014ರಲ್ಲಿ! ಫ್ರೀ ಗೇಮ್ ಕೊಟ್ಟರೂ ಜೂಜು ಅನ್ನುವ ರಾಜ್ಯಗಳಿಗೆ ಅಂತ ಆಟದ ಬದಲು ಹೆಚ್ಚಿನ ಚೆಂಡು ಕೊಡುವ ಮಶೀನುಗಳನ್ನೇ ಬೇರೆ ಮಾಡುತ್ತಿದ್ದರು. ಇಷ್ಟೆಲ್ಲ ಹೇಳಿದ ಮೇಲೆ ಅಮ್ಮ "ದುಡ್ಡು ಬರಲ್ಲ ಅಂದ್ರೆ ಜೂಜಲ್ಲ ಬಿಡು" ಅಂತ ಒಂದೇ ಮಾತಲ್ಲಿ ತೀರ್ಪು ಕೊಟ್ಟು ಒಂದು ಚೆಂಡು ಆಡಿದರು. ಅಪ್ಪನಿಗಿಂತ ಜಾಸ್ತಿ ಸ್ಕೋರು.

ತಗೊಳ್ಳುವವರಿಗೆ ಒಂದಿಷ್ಟು. ರಿಪೇರಿ ಸಾಮಾನಿಗೆ ನನಗೆ ಇನ್ನೂರು ಡಾಲರ್ ಹತ್ತಿರ ಆಗಿದೆ. ರಬ್ಬರು, ಬಲ್ಬು, ಸುರುಳಿಯ ಒಳಗಿನ ನೈಲಾನ್ ಕೊಳವೆ ಎಲ್ಲ ಇವತ್ತಿಗೂ ಹೊಸದು ಸಿಗುತ್ತವೆ. ಬಲ್ಬು 44ರ ಬದಲು 47ರ ನಂಬರಿನದು ಹಾಕಿ, ಕರೆಂಟು ಕಡಿಮೆ ಎಳೆಯುತ್ತದೆ, ಹಿಂದೆ ನಿಂತಿರುವ ಚಿತ್ರದ ಗಾಜಿನ ಬಣ್ಣ ಬಿಸಿಗೆ ಎದ್ದು ಬರೋದಿಲ್ಲ. ಆ ಗಾಜಿನ ಬಣ್ಣ ಉದುರಿದ್ದರೆ ಮಶೀನನ್ನೇ ಬಿಟ್ಟುಬಿಡಿ. ರಿಲೇ ಸರಿಮಾಡಬಹುದು, ಚಿತ್ರ ಸರಿಮಾಡೋಕಾಗಲ್ಲ. ಕೈ ಹಾಕುವ ಮುಂಚೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕೀಳಿ, ಆಫ್ ಇದ್ದರೂ ಒಳಗೆ ಕೆಲವು ಕಡೆ 120 ವೋಲ್ಟ್ ಇರುತ್ತದೆ. ಬೆಂಗಳೂರಿಗೆ ತಗೊಂಡು ಹೋಗಬಹುದಾ ಅಂತ ಒಬ್ಬರು ಕೇಳಿದರು. ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜ್ ಇಳಿಸಬಹುದು, ಆದರೆ ನಮ್ಮದು 50 ಹರ್ಟ್ಸ್, ಮೋಟಾರು ಆರನೇ ಒಂದು ಪಾಲು ನಿಧಾನ ತಿರುಗುತ್ತದೆ. ಸ್ಕೋರು ಆಲಾಪ ಮಾಡಿಕೊಂಡು ಬರುತ್ತದೆ. ಸಾಗಿಸುವ ಖರ್ಚು ಮಶೀನಿಗಿಂತ ಜಾಸ್ತಿ.

ಮೊದಲು ಆಡಿ ನೋಡಬೇಕು ಅಂದರೆ ಅಲಮೀಡಾದ ಪೆಸಿಫಿಕ್ ಪಿನ್‌ಬಾಲ್ ಮ್ಯೂಸಿಯಮ್‌ಗೆ ಹೋಗಿ. ಒಂದು ಸಲ ಟಿಕೆಟ್ ತಗೊಂಡರೆ ದಿನವಿಡೀ ಆಡಬಹುದು, ಹಳೆಯವೂ ಹೊಸವೂ ಇವೆ. ಅಲ್ಲಿ ಒಂದು ಗಂಟೆಯಲ್ಲೇ ಬೇಜಾರಾದರೆ ಒಂಬೈನೂರು ಡಾಲರ್ ಉಳಿಯಿತು.

ಅಪ್ಪ ನವೆಂಬರಿನಲ್ಲಿ ವಾಪಸ್ ಹೋದರು. ಮೊನ್ನೆ ಭಾನುವಾರ ಮತ್ತೆ ಮೋಟಾರು ನಿಲ್ಲಲಿಲ್ಲ. ವಾಟ್ಸ್ಯಾಪ್ ಕಾಲ್ ಮಾಡಿ ವಿಡಿಯೋ ತೋರಿಸೋಕೆ ಹೋದೆ. "ಮುಖ ತೋರಿಸಬೇಡ, ಫೋನನ್ನ ಪೆಟ್ಟಿಗೆ ಮೇಲಿಡು" ಅಂದರು. ಇಟ್ಟೆ. ಅಲ್ಲಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ, ಹಿಂದೆ ಕುಕ್ಕರಿನ ಸೀಟಿ ಮಾತ್ರ.

"ಏಯ್, ಆ ಕುಕ್ಕರ್ ಆಫ್ ಮಾಡೇ, ಕೇಳಿಸ್ತಿಲ್ಲ" ಅಂದರು ಅಪ್ಪ. ಆಮೇಲೆ ನನಗೆ: "ಇನ್ನೊಂದ್ಸಲ ಸ್ಟಾರ್ಟ್ ಮಾಡು."